ಎದುರುಮನೆ ಕಾಕಾರ ಸಿಂಥಸೈಜರ್

ಮೊನ್ನೆ ಅಟ್ಟದ ಮೇಲಿದ್ದ ಹಳೆಯ ಸ್ಟೆಬಿಲೈಜರ್ ಇಳಿಸಿ ಫ್ರಿಜ್ಜಿಗೆ ಜೋಡಿಸಿದೆ. ಸ್ವಲ್ಪ ಹೊತ್ತಿಗೆ ಅದರ ಒಳಗಿನ ಧೂಳು ಕಾದು, ಒಣಮಣ್ಣೂ ಸುಟ್ಟ ಮೇಣವೂ ಸೇರಿದಂಥ ವಾಸನೆ ಅಡುಗೆಮನೆ ತುಂಬಿತು. ಒಗ್ಗರಣೆಗೆ ಜೀರಿಗೆ ಹಾಕುತ್ತಿದ್ದ ಕೈ ಹಾಗೇ ನಿಂತಿತು... ನಾನು ಸೊಸೆಯಾಗಿ ಹೋದ ಬಸವಕಲ್ಯಾಣದ ಓಣಿಯಲ್ಲಿ ಎದುರುಮನೆಯ ಕಾಕಾ ತಮ್ಮ ಸಿಂಥಸೈಜರ್ ಹಚ್ಚಿದಾಗ ಬರುತ್ತಿದ್ದ ವಾಸನೆ ಇದೇ.

ಕಾಕಾ ದರ್ಜಿ. ಕೋಟೆಯ ಹಾದಿಯಲ್ಲಿ ಅಂಗಡಿ. ಅಸ್ತರು ತರಲು ಹೈದರಾಬಾದಿಗೆ ಹೋದವರು ಹಳೆ ಸಾಮಾನಿನ ಬಜಾರಿನಿಂದ ಅದನ್ನು ಹೊತ್ತು ತಂದಿದ್ದರಂತೆ. ಯಾವುದೋ ಆರ್ಕೆಸ್ಟ್ರಾದವರು ಬಿಟ್ಟ ಜಪಾನಿನ ಯಂತ್ರ. ಈಗಿನ ಕೀಬೋರ್ಡಿನ ಹಾಗೆ ಇಲ್ಲಿ ಒತ್ತಿದರೆ ಪಿಟೀಲು, ಅಲ್ಲಿ ಒತ್ತಿದರೆ ಕೊಳಲು ಎಂಬುದು ಅದರಲ್ಲಿರಲಿಲ್ಲ. ಕರೆಂಟಿನ ಬರೀ ಗುಂಯ್ ಎನ್ನುವ ಸದ್ದನ್ನು, ಮೇಲಿನ ತಿರುಗುಗುಂಡಿಗಳಿಂದ ತಿದ್ದಿ ತೀಡಿ ನಾದ ಮಾಡಿಕೊಳ್ಳಬೇಕು. ಒಂದು ಗುಂಡಿ ಅಲುಗಿದರೂ ಆ ನಾದ ಹೋಯಿತು. ನೆನಪಿಡುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಅದಕ್ಕೇ ಕಾಕಾ ಪ್ರತಿ ಗುಂಡಿಯ ಪಕ್ಕ, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಗುರುತು ಹಾಕಿರುತ್ತಿದ್ದರು. ಬೆರಳಿಡುವ ಕರಿಬಿಳಿ ಮನೆಗಳಲ್ಲಿ ಎರಡನ್ನು ಒಟ್ಟಿಗೆ ಒತ್ತಿದರೂ ಒಂದೇ ಸ್ವರ ಹೊರಡುತ್ತಿತ್ತು.

"ಇದಕ ಬಾಯಿ ಒಂದೇ ಅದರಿ, ನಮ್ಮಪ್ಪನ ಸನಾದಿಗಿ ಇದ್ದಂಗ" ಎನ್ನುತ್ತಿದ್ದರು.

ಅವರ ಅಪ್ಪನನ್ನು ಓಣಿಯವರೆಲ್ಲ ಅಜ್ಜ ಎನ್ನುತ್ತಿದ್ದೆವು. ಸುತ್ತಲಿನ ಎಷ್ಟೋ ಮದುವೆಗಳಲ್ಲಿ ಅಕ್ಷತೆಯ ಹೊತ್ತಿಗೆ ಸನಾದಿ ಊದಿದವರು. ಹಲ್ಲುಗಳೆಲ್ಲ ಬಿದ್ದ ಮೇಲೆ ಊದಲು ಆಗುತ್ತಿರಲಿಲ್ಲ. ಮೊಮ್ಮಗಳ ಮದುವೆ ಗೊತ್ತಾದಾಗ ಅವರು ಸುಮ್ಮನೆ ಗೋಡೆ ನೋಡುತ್ತ ಕುಳಿತಿದ್ದನ್ನು ಕಂಡು, ಕಾಕಾ ಆ ಯಂತ್ರದಲ್ಲೇ ಅಪ್ಪನ ಸನಾದಿಯ ನಾದವನ್ನು ಹುಡುಕತೊಡಗಿದರು. ಮಳೆಗಾಲವೆಲ್ಲ ಅದೇ ಕೆಲಸ. ಕೊನೆಗೆ ಸಿಕ್ಕಿತು, ಗುರುತೂ ಹಾಕಿದರು.

ಮಹಾನವಮಿಗೆ ಖಂಡೆ ಪೂಜೆ ಬಂತು. ಹೊಲಿಗೆ ಯಂತ್ರ, ಕತ್ತರಿಗಳ ಜೊತೆಗೆ ಕಾಕಿ ಅದನ್ನೂ ಪೂಜೆಗಿಟ್ಟರು. ಒದ್ದೆ ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿ, ಗುಂಡಿಗಳನ್ನೆಲ್ಲ ಸಾಲಾಗಿ ಒಂದೇ ಕಡೆ ಮುಖ ಮಾಡಿ ನಿಲ್ಲಿಸಿ, ವಿಭೂತಿ ಬಳಿದು, ಚೆಂಡುಹೂ ಏರಿಸಿದ್ದರು. ಪ್ರಸಾದಕ್ಕೆಂದು ನಾನೂ ಅಲ್ಲೇ ಇದ್ದೆ.

"ಏನ್ ಮಾಡ್ದಿ ಇದು? ಅಪ್ಪನ ಸನಾದಿ ಒರಸೇ ಬಿಟ್ಟೆಲ್ಲ."

"ಧೂಳ್ ಒರಸೀನ್ರಿ, ನಿಮ್ಮಪ್ಪನ್ನ ಒರಸಿಲ್ಲ. ಕತ್ರಿ ಒರಸಿದ್ರ ಸುಮ್ ಇರ್ತೀರಿ, ಇದಕ್ಯಾಕ ಇಷ್ಟ್ ಸಿಟ್ಟು?"

ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಕಾಕಾ ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ಆ ಹೂವುಗಳನ್ನೇ ನೋಡುತ್ತ ಕುಳಿತುಬಿಟ್ಟರು.

ದೀಪಾವಳಿ ಕಳೆದರೆ ಮದುವೆ. ಕಾಕಾ ಮೊದಲಿನಿಂದ ಶುರು ಮಾಡಿದರು. ಅಜ್ಜ ಕಂಬಳಿ ಹಾಸಿಕೊಂಡು ಪಕ್ಕದಲ್ಲೇ ಕೂರುತ್ತಿದ್ದರು. ಕಾಕಾ ತಿರುವುವುದು, ಅಜ್ಜ ಕೈ ಅಲ್ಲಾಡಿಸುವುದು.

"ಸನಾದಿ ಅಲ್ಲೋ ತಮ್ಮಾ ಇದು. ಎಮ್ಮಿಗಿ ನೆಗಡಿ ಆಗ್ಯಾದ."

ಒಂದು ಮಧ್ಯಾಹ್ನ ಮದುವೆಯ ಶ್ಯಾವಿಗೆ ಹೊಸೆಯಲು ಅವರ ಮನೆಗೆ ಹೋಗಿದ್ದೆ. ಒಳಕೋಣೆಯಿಂದ ಒಂದು ನಾದ ಎದ್ದಿತು. ಮೊದಲು ದಾರದ ಎಳೆಯಷ್ಟು ಸಣ್ಣದು. ಆಮೇಲೆ ಅಗಲವಾಗುತ್ತ ಆಗುತ್ತ, ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ತಂಬಿಗೆ ಸಣ್ಣಗೆ ಗುಂಯ್ ಎಂದಿತು. ಹಿಟ್ಟಿನ ಕೈಯಲ್ಲೇ ನಾನೂ ಕಾಕಿಯೂ ಬಾಗಿಲಿಗೆ ಹೋದೆವು. ನಿಜ ಹೇಳಬೇಕೆಂದರೆ ಅದು ಸನಾದಿಯಲ್ಲ. ಅಂಥದನ್ನು ನಾನು ಎಲ್ಲಿಯೂ ಕೇಳಿರಲಿಲ್ಲ. ಆದರೆ ಅಜ್ಜ ಕೈ ಅಲ್ಲಾಡಿಸಲಿಲ್ಲ. ಕಣ್ಣು ಮುಚ್ಚಿದ್ದರು. ಹಲ್ಲಿಲ್ಲದ ಕೆನ್ನೆಗಳು ಮೆಲ್ಲಗೆ ಉಬ್ಬುತ್ತ ಬಂದವು, ಬೆರಳುಗಳು ಮೊಣಕಾಲ ಮೇಲೆ ಒಂದೊಂದಾಗಿ ಏಳತೊಡಗಿದವು...

ಕಾಕಿ ಸೆರಗು ಬಾಯಿಗಿಟ್ಟುಕೊಂಡರು.

ಅಕ್ಷತೆಯ ದಿನ ಯಂತ್ರವನ್ನು ಮಂಟಪದ ಪಕ್ಕ ಇಟ್ಟು, ಬೆಳಗಿನಿಂದಲೇ ಹಚ್ಚಿಟ್ಟು ಕಾಯಿಸಿದ್ದರು. ಚಳಿಗೆ ಸ್ವರ ಜಾರುತ್ತಿತ್ತು, ಅದಕ್ಕೆಂದು ಅದರ ಮೇಲೆ ಕೌದಿ ಹೊದಿಸಿದ್ದರು. ಅಜ್ಜನನ್ನು ಎದುರಿಗೇ ಕೂರಿಸಿಕೊಂಡರು. ಬಾರಿಸುವಾಗ ಕಾಕಾ ತಮ್ಮ ಕೈಯನ್ನು ನೋಡಿಕೊಳ್ಳಲಿಲ್ಲ. ಅಪ್ಪನ ಕೆನ್ನೆ ನೋಡುತ್ತಿದ್ದರು. ಅಜ್ಜ ಉಸಿರು ಎಳೆದುಕೊಂಡಾಗ ಬೆರಳು ಎತ್ತುವರು, ಉಬ್ಬಿದಾಗ ಇಳಿಸುವರು. ಯಂತ್ರಕ್ಕೆ ಉಸಿರು ಬಂದಿತ್ತು. ಅಕ್ಕಿಕಾಳು ಕೈಯಲ್ಲೇ ಹಿಡಿದು, ಹಾಕುವುದನ್ನು ಮರೆತು ನಿಂತವರಲ್ಲಿ ನಾನೂ ಒಬ್ಬಳು.

ಮುಗಿದ ಮೇಲೆ ಅಜ್ಜ, "ದಣಿವಾತೋ" ಎಂದು ನೀರು ಕೇಳಿದರು. ಯಾರೂ ನಗಲಿಲ್ಲ.

ಆ ಚಳಿಗಾಲ ದಾಟುವುದರೊಳಗೆ ಅಜ್ಜ ಹೋದರು. ಕಾಕಾ ಆಮೇಲೆ ಬಹಳ ಕಾಲ ಇದ್ದರು, ಬೇರೆ ಬೇರೆ ನಾದ ಹುಡುಕಿ ನಮ್ಮನ್ನು ಕರೆದು ಕೇಳಿಸುತ್ತಿದ್ದರು. ಅದನ್ನು ಮಾತ್ರ ಮತ್ತೆ ಹುಡುಕಲಿಲ್ಲ. ಈಗ ಅವರೂ ಇಲ್ಲ. ಯಂತ್ರ ಹುಮನಾಬಾದಿನಲ್ಲಿ ಅದೇ ಮಗಳ ಮನೆಯಲ್ಲಿದೆ. ಕರೆಂಟು ಕೊಟ್ಟರೆ ದೀಪವೂ ಹತ್ತುವುದಿಲ್ಲ.

ಮೊನ್ನೆಯ ಆ ವಾಸನೆಯ ಮರುದಿನವೇ ಬಸ್ಸು ಹತ್ತಿ ಅವಳಲ್ಲಿಗೆ ಹೋದೆ. ಚಹಾ ಕೊಟ್ಟು ಹತ್ತಿರ ಕೂತಳು.

"ವೈನಿ, ಒಂದ್ ಕೇಳ್ಲೇನ್ರಿ? ಅಕ್ಷತಿ ಬೀಳೋವಾಗ ನಾ ತಲಿ ಬಗ್ಗಿಸಿ ಅಳಾಕತ್ತಿದ್ದೆ. ಅಪ್ಪ ಏನ್ ಬಾರ್ಸಿದ, ನನಗ ಕೇಳ್ಸೇ ಇಲ್ಲ. ವಿಡಿಯೋದಾಗರ ಕೇಳೋಣಂದ್ರ ಅಲ್ಲಿ ಸಿನಿಮಾ ಹಾಡ್ ಹಾಕ್ಯಾರ. ಹ್ಯಾಂಗಿತ್ರಿ ಅದು?"

ಬಾಯಿ ತೆರೆದೆ. ಗುನುಗಿದರೆ ರಾಗ ಬಂತು, ಆ ನಾದ ಬರಲಿಲ್ಲ. ತಂಬಿಗೆ ಗುಂಯ್ ಎಂದದ್ದನ್ನು ಹೇಳಿದೆ. ಅಜ್ಜನ ಕೆನ್ನೆ ಹೇಳಿದೆ, ಬೆರಳು ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

"ಹ್ಞೂಂ... ಆಮ್ಯಾಲ?" ಎಂದಳು.

ತಂಬಿಗೆ ಗುಂಯ್ ಎಂದಲ್ಲಿಂದ ಮತ್ತೆ ಹೇಳತೊಡಗಿದೆ.