ಸೋಲ್ಡರ್ ಹಚ್ಚಿ ಒತ್ತಿದ ಲಗ್ಗು

ಅವನ ಇಕ್ಕಳವನ್ನು ಮೊದಲ ಸಲ ನೋಡಿದಾಗ ನನಗಾದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಕೊಟ್ಟು ಮುಚ್ಚಿಡುವ ವಯಸ್ಸು ಈಗ ನನ್ನದಲ್ಲ. ತೊಂಬತ್ತರ ದಶಕದ ಮಾತು. ಕಲಬುರಗಿಯಲ್ಲಿ ನಾವಿಬ್ಬರೂ ಒಬ್ಬರೇ ಉಸ್ತಾದರ ಹತ್ತಿರ ಗಾಡಿಗಳ ವೈರಿಂಗ್ ಕಲಿತವರು. ಆಮೇಲೆ ಅವನು ಸೊಲ್ಲಾಪುರಕ್ಕೆ ಹೋದ, ನಾನು ಇಲ್ಲೇ ಅಂಗಡಿ ಹಾಕಿದೆ. ಮೂರ್ನಾಲ್ಕು ವರ್ಷ ಬಿಟ್ಟು ಬಂದವನು ಊರೆಲ್ಲ ಬಿಟ್ಟು ನನ್ನ ಎದುರಿಗೇ ಶಟರ್ ಎತ್ತಿದ. ಕೈಯಲ್ಲಿ ತಂತಿಯ ತುದಿ ಒತ್ತಿ ಕೂಡಿಸುವ, ಕೆಂಪು ಹಿಡಿಕೆಯ ಕ್ರಿಂಪ್ ಇಕ್ಕಳ.

ನಾನು ಸೋಲ್ಡರ್ ಮಾಡುವವನು. ತಂತಿ ಸುಲಿದು, ರಾಳ ಹಚ್ಚಿ, ಕರೆಂಟಿನಿಂದ ಕಾದ ಕಬ್ಬಿಣ ಮುಟ್ಟಿಸಿದರೆ ಸೀಸ ಕರಗಿ ಎಳೆ ಎಳೆಯೊಳಗೂ ಇಳಿಯುತ್ತಿತ್ತು. ಉಸ್ತಾದರು ನಮ್ಮಿಬ್ಬರಲ್ಲಿ ಮೆಚ್ಚಿದ್ದು ನನ್ನ ಕೈಯನ್ನೇ. ಅವನೋ, ತಂತಿಯ ತುದಿಗೆ ಟೊಪ್ಪಿಗೆಯಂಥ ಹಿತ್ತಾಳೆಯ ಲಗ್ಗು ತೊಡಿಸಿ, ಕಟಕ್ ಎಂದು ಒತ್ತಿ ಎದ್ದುಬಿಡುತ್ತಿದ್ದ. ಕರೆಂಟ್ ಹೋದಾಗ ನಾನು ಕೈಕಟ್ಟಿ ಕೂತರೆ ಅವನ ಕಟಕ್ ಕಟಕ್ ರಸ್ತೆ ದಾಟಿ ನನ್ನ ಕಿವಿಗೇ ಬರುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು.

ಕಮಲಾಪುರದ ಸಾಹುಕಾರರೊಬ್ಬರ ಆರು ಪೆಟ್ರೋಲ್ ಜೀಪುಗಳು ಕಲಬುರಗಿಗೆ ಸವಾರಿ ಹೊಡೆಯುತ್ತಿದ್ದವು. ನನ್ನ ಅಂಗಡಿ ನಿಂತದ್ದೇ ಅವುಗಳ ಮೇಲೆ. ನನ್ನ ಜಾಯಿಂಟ್ ಎಂದೂ ಬಿಡುತ್ತಿರಲಿಲ್ಲ, ಆದರೆ ಅದರ ಪಕ್ಕದಲ್ಲೇ ತಂತಿ ತುಂಡಾಗುತ್ತಿತ್ತು. ಸೀಸ ಕುಡಿದ ತಂತಿ ಗಡುಸಾಗಿ, ಗಾಡಿಯ ಅದುರಾಟಕ್ಕೆ ಬಾಗದೆ ಮುರಿಯುತ್ತಿತ್ತು. ನಾನು ರಸ್ತೆಯನ್ನು ಬೈಯುತ್ತಿದ್ದೆ.

ಒಂದು ದಿನ ಸಾಹುಕಾರರು ಬಂದು ನಿಂತರು. "ಎದುರಿನವ ಲಗ್ಗು ಒತ್ತಿ ಕೂಡಸ್ತಾನಂತಲ್ಲ ರೀ. ಇಬ್ಬರಿಗೂ ಒಂದೊಂದು ಜೀಪ್ ಕೊಡ್ತೀನಿ. ಯಾರ ಗಾಡಿ ದಾರಿಯೊಳಗ ನಿಂತದೋ ಅವರಿಗೆ ಸಲಾಮ್."

ಮರುದಿನವೇ ಊರಿನ ಆ ತುದಿಯ ಅಂಗಡಿಯಿಂದ ಕದ್ದುಮುಚ್ಚಿ ಲಗ್ಗುಗಳನ್ನೂ ಅಂಥದೇ ಇಕ್ಕಳವನ್ನೂ ತಂದೆ. ಆದರೆ ಬರೀ ತಂತಿಯನ್ನು ಒತ್ತಲು ಮನಸ್ಸು ಒಪ್ಪಲಿಲ್ಲ. ಅದು ಅವನ ಕೆಲಸ, ನಾನೇಕೆ ಅವನ ಹಾಗೆ ಮಾಡಲಿ? ಮೊದಲು ತಂತಿಯ ತುದಿಗೆ ಹೊಳೆಯುವ ಹಾಗೆ ಸೋಲ್ಡರ್ ತುಂಬಿಸಿದೆ, ಆಮೇಲೆ ಲಗ್ಗು ತೊಡಿಸಿ ಒತ್ತಿದೆ. ಅವನದು ಒಂದು ವಿದ್ಯೆ, ನನ್ನದು ಎರಡು ಎಂದು ಒಳಗೊಳಗೇ ಬೀಗಿದೆ.

ಹದಿನೈದು ದಿನವೂ ಆಗಿರಲಿಲ್ಲ. ಸಂತೆಯ ದಿನ ನನ್ನ ಜೀಪು ಕಮಲಾಪುರದ ಸಂತೆಯ ನಡುವೆಯೇ, ತಲೆಯ ಮೇಲೆ ಕೆಂಪು ಬಾಳೆಗೊನೆ ಹೊತ್ತು, ಗಪ್ಪಾಗಿ ನಿಂತಿತಂತೆ. ಸುದ್ದಿ ಬಂದದ್ದೇ ಬಸ್ ಹತ್ತಿ ಓಡಿದೆ. ನೋಡಿದರೆ, ತನ್ನ ಜೀಪನ್ನು ನೋಡಲು ಬಂದಿದ್ದ ಅವನು ನನ್ನ ಜೀಪಿನ ಬಾನೆಟ್ಟಿನೊಳಗೆ ಬಗ್ಗಿದ್ದಾನೆ. ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲಿನ ತಂತಿ ಲಗ್ಗಿನಿಂದ ಜಾರಿ ಹೊರಗೆ ಬಂದಿತ್ತು. ಅವನು ಅದರ ಹೊಳೆಯುವ ತುದಿಯನ್ನು ಉಗುರಿನಿಂದ ಒತ್ತಿ ನೋಡಿದ. ತಲೆ ಎತ್ತಿ ನನ್ನನ್ನು ನೋಡಿದ. ಅವನಿಗೆ ಎಲ್ಲ ತಿಳಿದುಹೋಗಿತ್ತು.

"ಏನಾಗ್ಯದ ರೀ?" ಸಾಹುಕಾರರು ಕೇಳಿದರು. ಸುತ್ತ ಅರ್ಧ ಸಂತೆಯೇ ನಿಂತಿತ್ತು.

"ಲಗ್ಗಿನ ಮಾಲೇ ಖರಾಬ್ ಇತ್ರೀ ಸಾಹುಕಾರ್ರ," ಎಂದ ಅವನು. "ಕೆಲಸ ಚೊಕ್ಕ ಮಾಡ್ಯಾನ." ಸೋಲ್ಡರ್ ಹಚ್ಚಿದ ತುದಿಯನ್ನು ಕತ್ತರಿಸಿ ಸುಮ್ಮನೆ ಜೇಬಿಗೆ ಹಾಕಿಕೊಂಡ. ಹೊಸ ಲಗ್ಗು ತೊಡಿಸಿ ಒತ್ತಿದ. ಕೀಲಿ ತಿರುಗಿಸಿದ್ದೇ ಜೀಪು ಶುರುವಾಯಿತು.

ಜನ ಚದುರಿದ ಮೇಲೆ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ: "ಒತ್ತೋ ತಂತಿಗಿ ಸೋಲ್ಡರ್ ಹಚ್ಚಬ್ಯಾಡೋ. ಸೀಸ ಮೆತ್ತಗ ಇರ್ತದ, ಬಿಸಿಗಿ ಒಳಗಿಂದೊಳಗ ಸಡ್ಲ ಆಗ್ತದ. ಸೊಲ್ಲಾಪುರದಾಗ ನಾನೂ ಮೊದಲ ಹಂಗೇ ಮಾಡಿದ್ದೆ." ನಾನು ಬಸ್ಸಿನ ಕಡೆ ನಡೆದೆ.

ಸಾಹುಕಾರರು ಮೂರು ಜೀಪು ಅವನಿಗೆ ಕೊಟ್ಟರು, ಮೂರು ನನಗೇ ಉಳಿಸಿದರು. ಆ ಮೂರು ಅವನ ಒಂದು ಸುಳ್ಳಿನಿಂದ ಉಳಿದವು. ಅವುಗಳಿಂದ ನನ್ನ ಅಂಗಡಿಯೂ ಉಳಿಯಿತು, ಮನೆಯೂ ನಡೆಯಿತು. ಅವನ ಜಾಗದಲ್ಲಿ ನಾನಿದ್ದರೆ ಆ ತಂತಿಯನ್ನು ಎತ್ತಿ ಹಿಡಿದು ಇಡೀ ಸಂತೆಗೆ ತೋರಿಸುತ್ತಿದ್ದೆ. ಅವನು ತೋರಿಸಲಿಲ್ಲ. ಅದೊಂದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.