ಸಕ್ಕುಬಾಯಿಯ ಕಟ್ಟೆಗೆ ಬಂದ ಮೊಸಳೆ

ಸಕ್ಕುಬಾಯಿ ತೆಲಸಂಗದವಳು. ಒಂದು ತಂಬಿಗೆ ನೀರಿನಲ್ಲಿ ಮುಖ ತೊಳೆದು, ಅದೇ ನೀರು ಬೇವಿನ ಸಸಿಯ ಬುಡಕ್ಕೆ ಬೀಳುವಂತೆ ಬಾಗಿ ನಿಲ್ಲುವುದನ್ನು ಕಲಿತು ಬೆಳೆದವಳು. ಮದುವೆಯಾಗಿ ಕಾಗವಾಡ ತಾಲೂಕಿನ ನಮ್ಮ ಹೊಳೆದಂಡೆಯ ಊರಿಗೆ ಬಂದು ಇಪ್ಪತ್ತಾರು ವರ್ಷವಾದರೂ ಅವಳಿಗೆ ಈಜು ಬರುವುದಿಲ್ಲ. ಬಟ್ಟೆ ಒಗೆಯಲು ಹೋದರೂ ಕೃಷ್ಣೆಯಲ್ಲಿ ಪಾದ ಮುಳುಗುವಷ್ಟೇ ಇಳಿಯುತ್ತಾಳೆ.

ಗಂಡ ಹಾಲೇಶನಿಗೆ ಎಪ್ಪತ್ತು ಕುರಿಗಳಿವೆ. ಮಳೆಗಾಲದಲ್ಲಿ ಇಲ್ಲಿಯ ಎರೆಮಣ್ಣಿನ ಕೆಸರಿಗೆ ಕುರಿಗಳ ಗೊರಸು ಕೊಳೆಯುತ್ತದೆಂದು ಅವನು ಅವನ್ನು ತೆಲಸಂಗದ ಒಣಭೂಮಿಯ ಕಡೆಗೇ ಹೊಡೆದುಕೊಂಡು ಹೋಗುತ್ತಾನೆ.

“ಮಳಿಗಾಲದಾಗ ಗಂಡ ನನ್ನ ತವರಮನಿಗೆ, ನಾ ಅವನ ಮನಿ ಕಾಯಾಕ. ಎಂಥಾ ಅದಲಾಬದಲಿ ನೋಡ್ರಿ” ಎಂದು ಸಕ್ಕುಬಾಯಿ ನಗುತ್ತಾಳೆ.

ಅವಳ ಪಾಲಿಗೆ ಉಳಿಯುವುದು ತಗಡಿನ ಮನೆ, ಎದುರಿಗೆ ಎತ್ತರದ ಕಲ್ಲುಕಟ್ಟೆಯ ಮೇಲಿನ ಕೊಟ್ಟಿಗೆ, ಅದರೊಳಗೆ ಚಂದ್ರಿ ಎಂಬ ಪಂಢರಪುರಿ ಎಮ್ಮೆ. ಚಂದ್ರಿಯ ಕೋಡುಗಳು ಬೆನ್ನಿನ ಮೇಲೆ ಉದ್ದಕ್ಕೆ ಚಾಚಿವೆ. ಬಾಗಿಲು ದಾಟುವಾಗ ತಲೆ ಓರೆ ಮಾಡಿ, ಮದುಮಗಳ ಹಾಗೆ ನಿಧಾನವಾಗಿ ಒಳಬರುತ್ತದೆ. ಅದು ಬರುವವರೆಗೆ ಸಕ್ಕುಬಾಯಿ ಬಾಗಿಲಲ್ಲೇ ಕಾಯುತ್ತಾಳೆ.

ಆ ವರ್ಷ ಶ್ರಾವಣದ ಸೋಮವಾರ ಚಂದ್ರಿ ಹೆಣ್ಣುಕರು ಹಾಕಿತು. ಮರುದಿನವೇ ಊರಲ್ಲಿ ರಿಕ್ಷಾಕ್ಕೆ ಮೈಕು ಕಟ್ಟಿಕೊಂಡು ಸಾರಿದರು: ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟಿದ್ದಾರೆ, ದನಕರು ಸಮೇತ ಶೇಡಬಾಳದ ದಾರಿಯ ಶಾಲೆಗೆ ಹೋಗಬೇಕು. ಎದುರುಮನೆಯ ಬಾಳಾಸಾಬ ಟ್ರ್ಯಾಕ್ಟರ್ ತಂದು ಅವಳ ಅಂಗಳದಲ್ಲೇ ನಿಲ್ಲಿಸಿದ.

“ಮಾವಶಿ, ಎಮ್ಮಿ ಟ್ರ್ಯಾಲಿಗೆ ಏರಸು. ಕರ ನಾ ಹೊತ್ಕೋತೀನಿ.”

“ಹಳ್ಳ ದಾಟಬೇಕಲ್ಲಪಾ?”

“ಮತ್ತ ಹಾರಿ ಹೋಗಾಕ ನನ್ನ ಟ್ರ್ಯಾಕ್ಟರಿಗೆ ರೆಕ್ಕಿ ಎಲ್ಲಿ ಅದಾವು?”

“ಈದ ಎಮ್ಮಿನ್ನ ಐದ ದಿನಾ ಹರಿಯೋ ನೀರ ದಾಟಸೂದಿಲ್ಲ.”

“ದಾಟೂದು ಟ್ರ್ಯಾಕ್ಟರು. ಎಮ್ಮಿ ಬರೇ ನಿಂತಿರತೈತಿ.”

“ಶಾಸ್ತ್ರಕ್ಕ ಗಾಲಿ ಹಚ್ಚಬ್ಯಾಡ ನೀ” ಎಂದಳು ಸಕ್ಕುಬಾಯಿ.

ಐದನೆಯ ದಿನ ಗಿಣ್ಣ ಕಾಸಿ ಬೀರದೇವನಿಗೆ ಎಡೆ ಹಿಡಿದ ಮೇಲೆಯೇ ಎಮ್ಮೆ ನೀರು ದಾಟಬಹುದು. ಇಲ್ಲವಾದರೆ ಕೆಚ್ಚಲು ಬತ್ತುತ್ತದೆ. ಮದುವೆಯಾದ ಹೊಸತರಲ್ಲಿ ಅತ್ತೆ ಹೇಳಿಕೊಟ್ಟ ಮಾತು ಅದು. ಇಲ್ಲೇ ಹುಟ್ಟಿದವರು ಇಂಥದನ್ನು ಹೊತ್ತಿಗೆ ತಕ್ಕಂತೆ ಸಡಿಲಿಸುತ್ತಾರೆ. ಬೇರೆ ಊರಿಂದ ಬಂದ ಸಕ್ಕುಬಾಯಿಗೆ ಎಲ್ಲಿ ಸಡಿಲಿಸಬೇಕೆಂದು ಯಾರೂ ಹೇಳಿರಲಿಲ್ಲ. ಬಾಳಾಸಾಬ ಬೇರೆಯವರ ದನಗಳನ್ನು ಹೇರಿಕೊಂಡು ಹೋದ. ಸಂಜೆಯ ಹೊತ್ತಿಗೆ ಹಳ್ಳದ ಸೇತುವೆ ಮುಳುಗಿತು. ಅವನು ಟ್ರ್ಯಾಕ್ಟರನ್ನು ಆಚೆಯೇ ಬಿಟ್ಟು, ಹಗ್ಗ ಹಿಡಿದು ದಾಟಿ ಬಂದ.

ಗುರುವಾರ ಬೆಳಗಿಗೆ ಓಣಿಯಲ್ಲಿ ಮೊಣಕಾಲುದ್ದ ನೀರು. ಬಾಳಾಸಾಬನ ಮನೆಗೆ ಸ್ಲ್ಯಾಬಿನ ಮಾಳಿಗೆ ಇತ್ತು. ಸಕ್ಕುಬಾಯಿ ಟ್ರಂಕನ್ನೂ ಹಿಂಡಿಯ ಚೀಲವನ್ನೂ ಅಲ್ಲಿಗೆ ಹೊತ್ತಳು. ಕರುವನ್ನು ತರಲು ತಿರುಗಿ ಮೆಟ್ಟಿಲಿಳಿಯುವಾಗ, ಬಾಳಾಸಾಬನ ಹೆಂಡತಿ ಅನುಸೂಯಾ ಮೇಲಿಂದ ಚೀರಿದಳು.

“ನಿಂದ್ರಬೇ ಅಕ್ಕಾ! ಕಟ್ಟಿ ಮ್ಯಾಲೆ ನೋಡಲ್ಲೆ!”

ಕೊಟ್ಟಿಗೆಯ ಬಾಗಿಲಿಗೆ ಅಡ್ಡಲಾಗಿ ಮೊಸಳೆ ಮಲಗಿತ್ತು. ಒಂದಾಳಿಗಿಂತ ಉದ್ದ. ಬೆನ್ನಿಗೆ ಕಬ್ಬಿನ ರವದಿಯ ಒಣಗರಿ ಅಂಟಿತ್ತು. ಬಾಯಿ ತುಸು ತೆರೆದು, ದಣಿದು ಬಂದವರ ಹಾಗೆ ಅಲುಗಾಡದೆ ಬಿದ್ದುಕೊಂಡಿತ್ತು. ಒಳಗೆ ಚಂದ್ರಿ ಹಗ್ಗ ಜಗ್ಗಿ ಜಗ್ಗಿ ಒದರುತ್ತಿತ್ತು. ನಡುನಡುವೆ ಕರುವಿನ ಸಣ್ಣ ದನಿ.

ಹರಿವಾಣ ಬಡಿದರು. ಕುಳ್ಳು ಎಸೆದರು. ಒಂದು ಕುಳ್ಳು ಅದರ ಮೂತಿಗೇ ಬಡಿಯಿತು. ಕಣ್ಣು ಮುಚ್ಚಿ ತೆರೆಯಿತು, ಅಷ್ಟೇ. ಬಾಳಾಸಾಬನ ತಾಯಿ ಅಕ್ಕವ್ವ ಕೈ ಜೋಡಿಸಿದಳು.

“ಹೊಡೀಬ್ಯಾಡ್ರೋ, ಗಂಗವ್ವನ ವಾಹನ ಅದು.”

“ವಾಹನ ಆದ್ರ ಬ್ಯಾರೆ ಕಡೆ ಹೋಗಿ ನಿಂದ್ರಲಿ ಬೇ, ದಾರಿ ಕಟ್ಟೇತಿ” ಎಂದ ಬಾಳಾಸಾಬ.

ಅವನು ಅರಣ್ಯ ಇಲಾಖೆಗೆ ಫೋನು ಮಾಡಿದ. ಆ ಬದಿಯವರ ದನಿಯೂ ಸೋತಿತ್ತು. ನಾಲ್ಕು ಊರಿಂದ ಇದೇ ಕರೆ ಬಂದಿದೆ, ಹತ್ತಿರ ಹೋಗಬೇಡಿ, ದೋಣಿ ಸಿಕ್ಕ ಕೂಡಲೇ ಬರುತ್ತೇವೆ. ಸಕ್ಕುಬಾಯಿ ಅವನ ಕೈಯಿಂದ ಫೋನು ತೆಗೆದುಕೊಂಡು ಹಾಲೇಶನಿಗೆ ಹಚ್ಚಿದಳು.

“ಎಮ್ಮಿ ಯಾಕ ದಾಟಿಸಲಿಲ್ಲ?” ಎಂದ ಅವನು.

“ಐದ ದಿನಾ ಆಗಿಲ್ಲಲ್ಲ.”

ಆ ಕಡೆ ಗಾಳಿಯ ಸದ್ದು, ಕುರಿಗಳ ಸದ್ದು. ಆಮೇಲೆ ಅವನೆಂದ: “ನೀ ಬರೂ ಮೊದಲಿನ ಮಹಾಪೂರದಾಗ ನಮ್ಮವ್ವ ತಾನ ಎಮ್ಮಿ ಈದ ಮರುದಿನಾ ದಾಟಿಸಿದ್ಲು. ಜೀವ ಇದ್ರ ಶಾಸ್ತ್ರ ಅಂದಿದ್ಲು.”

“ನನಗ್ಯಾಕ ಹೇಳಲಿಲ್ಲ ಯಾರೂ?”

ಅವಳು ಫೋನನ್ನು ಬಾಳಾಸಾಬನ ಕೈಗಿಟ್ಟು, ಮಾಳಿಗೆಯ ಅಂಚಿಗೆ ಹೋಗಿ ಕೂತಳು.

ಮಧ್ಯಾಹ್ನಕ್ಕೆ ನೀರು ಕಟ್ಟೆಯ ಮೇಲೇರಿತು. ಮೊಸಳೆ ಮೊದಲು ಬಾಲ, ಆಮೇಲೆ ಬೆನ್ನು, ಕೊನೆಗೆ ಮೂತಿ, ಹೀಗೆ ಒಂದೊಂದಾಗಿ ಮುಳುಗಿ ಇಲ್ಲವಾಯಿತು. ಅದು ಒಳಗೆ ಹೋಯಿತೋ ಹೊರಗೆ ಹೋಯಿತೋ ಯಾರಿಗೂ ಕಾಣಲಿಲ್ಲ. ಬೆಳಗಿನಿಂದ ಅದು ಎಲ್ಲಿದೆ ಎಂಬುದಾದರೂ ಗೊತ್ತಿತ್ತು. ಈಗ ಓಣಿ ತುಂಬ ಒಂದೇ ಬಣ್ಣದ ನೀರು; ಎಲ್ಲಿ ಕಾಲಿಟ್ಟರೂ ಅದು ಅಲ್ಲಿರಬಹುದು.

ಸಕ್ಕುಬಾಯಿ ಮೆಟ್ಟಿಲಿಳಿದು ಸೊಂಟದವರೆಗೆ ನೀರಿಗೆ ಇಳಿದಳು. ಅನುಸೂಯಾ ಹಿಂದಿನಿಂದ ಅವಳ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು.

“ಬಿಡ ನನ್ನ. ಕರದ ದನಿ ಬರವಲ್ದು.”

“ಬಿಡಂಗಿಲ್ಲ. ನಿನಗ ಈಜ ಬರಂಗಿಲ್ಲ, ಆ ಮೊಸಳಿಗೆ ಬರತೈತಿ.”

ಅಲ್ಲೇ ನಿಂತು ಸಕ್ಕುಬಾಯಿ ಕೂಗತೊಡಗಿದಳು. ಹಾಲು ಹಿಂಡುವಾಗ ಮಾತಾಡಿಸುವ ಮೆಲುದನಿಯನ್ನೇ ದೊಡ್ಡದು ಮಾಡಿ, “ಚಂದ್ರೀ, ನಾ ಇಲ್ಲೇ ಅದೀನಿ ನನ್ನವ್ವ, ಇಲ್ಲೇ ಅದೀನಿ.” ಎಮ್ಮೆ ಓಗೊಡುತ್ತಿತ್ತು. ಕರು ಓಗೊಡಲಿಲ್ಲ.

ನಾಲ್ಕು ಗಂಟೆಗೆ ದೋಣಿ ಬಂತು. ಜನರನ್ನಷ್ಟೇ ಒಯ್ಯಬಹುದು ಎಂದರು ಅಂಬಿಗರು. ಬಾಳಾಸಾಬ ಕೈಕಾಲು ಹಿಡಿದ ಮೇಲೆ, ಎಲ್ಲರನ್ನೂ ಮಾಳಿಗೆಯಿಂದ ಹತ್ತಿಸಿಕೊಂಡು ದೋಣಿಯನ್ನು ಕೊಟ್ಟಿಗೆಯ ಮಾಡಿಗೆ ಹಚ್ಚಿದರು. ಅವನು ಒಂದು ತಗಡು ಎಬ್ಬಿಸಿ, ಹೊಟ್ಟೆ ಮೇಲೆ ಮಲಗಿ, ಕುಡಗೋಲಿನಿಂದ ಹಗ್ಗ ಕೊಯ್ದ.

“ಕರ?” ಎಂದಳು ಸಕ್ಕುಬಾಯಿ.

ಅವನು ಒಳಗೆ ಬಹಳ ಹೊತ್ತು ನೋಡಿದ. “ಏನೂ ಕಾಣವಲ್ದು ಮಾವಶಿ.”

ಚಂದ್ರಿ ತಲೆ ಓರೆ ಮಾಡಿ ಬಾಗಿಲಿನಿಂದ ಹೊರಗೆ ಈಜಿ ಬಂತು. ಮೂಗು, ಕಣ್ಣು, ಎರಡು ಉದ್ದ ಕೋಡು ಮಾತ್ರ ನೀರಿನ ಮೇಲೆ. ದೋಣಿಯ ಹಿಂದೆ ಬರುತ್ತದೆ ಎಂದು ಎಲ್ಲರೂ ಕಾದರು. ಅದು ಕೊಟ್ಟಿಗೆಯನ್ನು ಒಂದು ಸುತ್ತು ಬಂತು. ಬಾಗಿಲ ಹತ್ತಿರ ಮೂಸಿ, ಒದರಿ, ಮತ್ತೊಂದು ಸುತ್ತು ಹೊರಟಿತು. ಸಕ್ಕುಬಾಯಿ ಸೆರಗಿನಲ್ಲಿ ಹಿಂಡಿ ಹಿಡಿದು ಬಗ್ಗಿ ಕರೆದಳು. ಅದು ಅವಳನ್ನು ನೋಡಿತು. ನೋಡಿ, ಮತ್ತೆ ಬಾಗಿಲಿಗೇ ಹೋಯಿತು.

“ಕತ್ತಲಾಗತೈತಿ. ಹೊಂಡಬೇಕ್ರಿ ಇನ್ನ” ಎಂದ ಅಂಬಿಗ.

“ಇನ್ನೊಂದ ಸುತ್ತ ನೋಡೂಣ್ರಿ, ಬರತೈತಿ ಅದು.”

ಇನ್ನೊಂದು ಸುತ್ತು ನೋಡಿದರು. ದೋಣಿ ತಿರುಗುವಾಗ ಅವಳು ಎದ್ದು ನಿಂತಳು.

“ಕುಂಡ್ರಬೇ ಯವ್ವಾ, ದೋಣಿ ವಾಲತೈತಿ. ಎಲ್ಲಾರೂ ನೀರಪಾಲ ಆಗ್ತೀವಿ” ಎಂದ ಅವನು, ಸಿಟ್ಟಿಲ್ಲದೆ.

ಸಕ್ಕುಬಾಯಿ ಕೂತಳು. ಎಮ್ಮೆ ಒದರುವುದು ಹಳ್ಳದ ತಿರುವಿನವರೆಗೂ ಕೇಳುತ್ತಿತ್ತು. ಅಲ್ಲಿಯವರೆಗೂ ಅವಳು ಓಗೊಡುತ್ತಲೇ ಇದ್ದಳು.