ಕಾಯೋಟಿಗೆ ನಾನು ಕೊಟ್ಟ ಕನ್ನಡ ಹೆಸರು

ಕೋವಿಡ್ ಮುಗಿದ ಮರುವರ್ಷ ನಾನು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಒಂದು ನಗರಸಭೆಯಲ್ಲಿ ಅನಿಮಲ್ ಕಂಟ್ರೋಲ್ ಆಫೀಸರ್ ಆಗಿದ್ದೆ. ಬೆಂಗಳೂರಿನಲ್ಲಿ ಪಶುವೈದ್ಯಕೀಯ ಓದಿದವಳು. ಇಲ್ಲಿಯ ಲೈಸೆನ್ಸ್ ಪರೀಕ್ಷೆ ಕಟ್ಟಲಾಗದೆ ಯೂನಿಫಾರ್ಮ್ ತೊಟ್ಟೆ. ಬೀದಿನಾಯಿಗಳೇ ಇಲ್ಲದ ಊರಲ್ಲಿ ನಿನಗೇನು ಕೆಲಸ ಎಂದು ನೆಂಟರು ಚುಡಾಯಿಸುತ್ತಿದ್ದರು. ಹೇವರ್ಡ್ ಆಚೆಯ ಗುಡ್ಡಗಳ ಬುಡದಲ್ಲಿದ್ದ ನಮ್ಮ ಬಡಾವಣೆಗಳಿಗೆ ಬಂದಿದ್ದರೆ ಅವರಿಗೇ ಗೊತ್ತಾಗುತ್ತಿತ್ತು.

ಆ ಬೇಸಿಗೆ ಕಾಯೋಟಿಗಳ ದೂರು ಹೆಚ್ಚಿತು. ಕಾಯೋಟಿ ನಾಯಿಯ ಕುಲದ ಕಾಡುಪ್ರಾಣಿ, ತೋಳಕ್ಕಿಂತ ಚಿಕ್ಕದು. ಬೆಕ್ಕು, ಸಣ್ಣ ನಾಯಿ ಅದಕ್ಕೆ ಊಟ. ಆರಡಿ ಬೇಲಿ ಅದಕ್ಕೊಂದು ಲೆಕ್ಕವಲ್ಲ. ಮನುಷ್ಯರನ್ನು ಕಂಡು ಓಡುವವರೆಗೆ ದೊಡ್ಡ ತೊಂದರೆಯಿಲ್ಲ. ಹಗಲು ಮನೆಯಲ್ಲಿರುವವರು ಊರಿಂದ ಬಂದ ಅಜ್ಜ ಅಜ್ಜಿಯರು, ಅವರಿಗೆ ಅವರ ಭಾಷೆಯಲ್ಲೇ ತಿಳಿಸಿ ಬಾ ಎಂದು ಮೇಲಧಿಕಾರಿ ನನ್ನನ್ನು ಕಳಿಸಿದರು.

ಪಾರ್ಕಿನಲ್ಲಿ ಹನ್ನೆರಡು ಮಂದಿ ಕೂತಿದ್ದರು. ಸಾಕುಪ್ರಾಣಿಗಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ, ಅವುಗಳ ಊಟ ಹೊರಗಿಡಬೇಡಿ, ಕಾಯೋಟಿ ಕಂಡರೆ ತಟ್ಟೆ ಬಡಿದು ಓಡಿಸಿ ಎಂದೆಲ್ಲ ಹೇಳಿದೆ. ಹುಬ್ಬಳ್ಳಿಯಿಂದ ಮಗಳ ಮನೆಗೆ ಬಂದಿದ್ದ ನೀಲಮ್ಮ ಎಂಬ ಅಜ್ಜಿ ಕೇಳಿದರು: "ಕಾಯೋಟಿ ಅಂದ್ರ ಏನ್ ತಂಗಿ? ಹುಲಿ ಏನು?"

"ಇಲ್ಲಮ್ಮ, ನಮ್ಮ ಕಡೆ ನರಿ ಇರತ್ತಲ್ಲ, ಅದೇ ಜಾತಿ. ಗಾಬರಿ ಆಗ್ಬೇಡಿ," ಎಂದೆ.

ಪ್ರಾಣಿಶಾಸ್ತ್ರದ ಪ್ರಕಾರ ತಪ್ಪೇನಿಲ್ಲ. ಎಲ್ಲರ ಮುಖವೂ ಸಡಿಲವಾಯಿತು. ಕಾರ್ಯಕ್ರಮ ಚೆನ್ನಾಗಿ ಆಯಿತೆಂದು ವರದಿ ಬರೆದೆ. ಆ ಬೀಗುವಿಕೆ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಆರು ವಾರಗಳ ನಂತರ ಬೆಳಗ್ಗೆ ಎಂಟು ಗಂಟೆಗೆ ನೀಲಮ್ಮನ ಮಗಳ ಮನೆಯಿಂದ ಕರೆ ಬಂತು. ಒಂಬತ್ತು ವರ್ಷದ ಮೊಮ್ಮಗಳು ಅನ್ವಿ, ಸ್ಕೂಲಿಗೆ ಹೊರಡುವ ಮುನ್ನ ನಾಲ್ಕು ಕಿಲೋ ತೂಕದ ತನ್ನ ನಾಯಿ ಪೇಡಾಗೆ ಲೀಷ್ ಹಗ್ಗ ಹಾಕಿ ಹಿತ್ತಿಲಿಗೆ ಕರೆದೊಯ್ದಿದ್ದಳು. ನಾನು ಹೇಳಿದ್ದಂತೆಯೇ, ಒಂಟಿಯಾಗಿ ಬಿಟ್ಟಿರಲಿಲ್ಲ. ಕಾಯೋಟಿ ಅವಳೆದುರೇ ನಾಯಿಯನ್ನು ಕಚ್ಚಿ ಎಳೆಯಿತು. ಲೀಷ್ ಉಜ್ಜಿ ಮಗುವಿನ ಅಂಗೈ ಸುಲಿದಿತ್ತು. ಬೇಲಿಯ ಆಚೆ ಪೇಡಾ ಸಿಕ್ಕಾಗ ನನಗೆ ಮಾಡಲು ಏನೂ ಉಳಿದಿರಲಿಲ್ಲ.

ಹಿತ್ತಿಲ ಮೆಟ್ಟಿಲ ಮೇಲೆ ಒಂದು ಸ್ಟೀಲ್ ತಟ್ಟೆಯಿತ್ತು, ಅದರಲ್ಲಿ ಹಾಲಲ್ಲಿ ನೆನೆಸಿದ ರೊಟ್ಟಿ. ಯಾರಿಗೆ ಎಂದು ಕೇಳಿದೆ. ನೀಲಮ್ಮ ಏನನ್ನೂ ಮುಚ್ಚಿಡಲಿಲ್ಲ. ಮಗಳು ಸುಜಾತಾಗೆ ಫಾಸ್ಟರ್ ಸಿಟಿಯಲ್ಲಿದ್ದ ಕೆಲಸ ಹೋಗಿತ್ತು. ವೀಸಾದ ನಿಯಮದಂತೆ ಅರವತ್ತು ದಿನಗಳಲ್ಲಿ ಇನ್ನೊಂದು ಸಿಗದಿದ್ದರೆ ದೇಶ ಬಿಡಬೇಕು. ಆಗಲೇ ಒಂದು ಬೆಳಗ್ಗೆ ಅಜ್ಜಿ ಕಿಟಕಿಯಲ್ಲಿ ಕಾಯೋಟಿಯನ್ನು ಕಂಡರು. ಎದ್ದ ಕೂಡಲೇ ನರಿ ಮುಖ ನೋಡಿದರೆ ಅದೃಷ್ಟ ಎನ್ನುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದೇ ವಾರ ಮಗಳಿಗೆ ಇಂಟರ್‌ವ್ಯೂ ಬಂತು, ಮುಂದೆ ಕೆಲಸವೂ ಸಿಕ್ಕಿತು. ಅಂದಿನಿಂದ ಅದು ತಪ್ಪದೆ ಮುಖ ತೋರಿಸಲೆಂದು ದಿನವೂ ರೊಟ್ಟಿ.

"ಇದು ನರಿಯಲ್ಲಮ್ಮ," ಎಂದೆ. ನನ್ನ ದನಿ ಏರಿತ್ತು.

"ನೀನ ಹೇಳಿದ್ದಿ ನರಿ ಅಂತ. ತೋಳ ಅಂದಿದ್ರ ನಾ ಯಾಕ ರೊಟ್ಟಿ ಹಾಕ್ತಿದ್ದೆ, ತಂಗಿ?"

ಅನ್ವಿ ಬ್ಯಾಂಡೇಜ್ ಸುತ್ತಿದ ಕೈ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. "ಅಜ್ಜಿ ಈಸ್ ನಾಟ್ ಲೈಯಿಂಗ್," ಎಂದಳು.

ಮರುದಿನವೂ ಕಾಯೋಟಿ ಅದೇ ಮೆಟ್ಟಿಲ ಬಳಿ ಬಂದು ನಿಂತಿತು. ನಾನು ಕೂಗಿದೆ, ತಟ್ಟೆ ಬಡಿದೆ, ಕಲ್ಲೆಸೆದೆ; ಅದು ಕದಲಲಿಲ್ಲ. ಹೀಗೆ ಭಯ ಬಿಟ್ಟ ಕಾಯೋಟಿಯನ್ನು ಹಿಡಿದು ಬೇರೆಡೆ ಬಿಡಲು ಇಲ್ಲಿಯ ಕಾನೂನು ಒಪ್ಪುವುದಿಲ್ಲ. ನಾಲ್ಕನೆಯ ದಿನ ಅದನ್ನು ಕೊಂದರು. ಆದೇಶಕ್ಕೆ ಶಿಫಾರಸು ಬರೆದವಳು ನಾನು.

ವರದಿಯಲ್ಲಿ 'ಕಾರಣ' ಎಂಬ ಕಾಲಂ ಇರುತ್ತದೆ. 'ನಿವಾಸಿಯು ಕಾಡುಪ್ರಾಣಿಗೆ ಆಹಾರ ಹಾಕುತ್ತಿದ್ದುದು' ಎಂದು ತುಂಬಿದೆ. ಅದರ ಮೇಲೆ ಸುಜಾತಾಗೆ ಎಚ್ಚರಿಕೆ ಪತ್ರ ಹೋಯಿತು. ಆಕೆ ಫೋನ್ ಮಾಡಿದಳು: "ಮೇಡಂ, ಇದರಿಂದ ವೀಸಾಗೇನಾದ್ರೂ ಪ್ರಾಬ್ಲಮ್ ಆಗತ್ತಾ?" ಆಗುವುದಿಲ್ಲ ಎಂದೆ. ಆಕೆ ನಂಬಲಿಲ್ಲ. ಎರಡು ತಿಂಗಳು ಬಾಕಿಯಿದ್ದರೂ ಟಿಕೆಟ್ ಬದಲಿಸಿ ತಾಯಿಯನ್ನು ಹುಬ್ಬಳ್ಳಿಗೆ ಕಳಿಸಿಬಿಟ್ಟಳು. ಹೊರಡುವ ದಿನ ಅನ್ವಿ ಅಜ್ಜಿಯ ಹತ್ತಿರ ಬರಲಿಲ್ಲವಂತೆ.

ಎಚ್ಚರಿಸಲು ಹೋದವಳು ಸಮಾಧಾನ ಹೇಳಿ ಬಂದಿದ್ದೆ. ಹೆದರಬೇಕಾದವರನ್ನು ಹೆದರಿಸದೆ ಬರುವುದು ದಯೆಯಲ್ಲ, ಸೋಮಾರಿತನ. ಈ ಕೆಲಸ ನನಗೆ ಕಲಿಸಿದ್ದು ಅದನ್ನು. ಮುಂದಿನ ಸಭೆಗಳಲ್ಲಿ ತೋಳ ಎಂದೇ ಹೇಳಿದೆ, ಯಾರೂ ರೊಟ್ಟಿ ಹಾಕಲಿಲ್ಲ. ಇನ್ನೊಂದನ್ನೂ ಕಲಿತೆ: ತಪ್ಪು ಹೊರಲು ಒಬ್ಬ ಮುದುಕಿ ಸಿಕ್ಕರೆ ನನ್ನಂಥ ಓದಿದವಳೂ ಸುಮ್ಮನಿರುತ್ತಾಳೆ. ಆ ವರದಿಗೆ ಒಂದು ಸಾಲು ಸೇರಿಸುವ ಅಧಿಕಾರ ಕೆಲಸ ಬಿಟ್ಟ ದಿನದವರೆಗೂ ನನಗಿತ್ತು. ಸೇರಿಸಲಿಲ್ಲ.